ಚಹಾದ ಸಂಬಂಧಿಕರು: ದಮ್ಮಿನ ಗುಳಿಗೆಯನ್ನು ಅರಿತು ನುಂಗಿರಿ



ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಚಿಂಚೋಳಿ, ಸೇಡಂ, ಚಿತ್ತಾಪುರದ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುತ್ತದೆ. ಮಿಷನ್ನಿನ ಬಾಯಿಂದ ಹೊಟ್ಟು ಹಾರಿ ಕಣದ ಮೇಲೆ ಧೂಳು ಮೋಡದಂತೆ ನಿಲ್ಲುತ್ತದೆ. ಮೇಲೆ ಚಳಿ. ಇಂಥ ಹೊತ್ತಿನಲ್ಲಿ ಮನೆಯಿಂದ ಕಿಟ್ಲಿಯಲ್ಲಿ ಚಹಾ ಬರುತ್ತದೆ. ಎಲ್ಲರೂ ಕುಳಿತು ಕುಡಿಯುತ್ತಾರೆ. ದಮ್ಮಿನ ಉಪದ್ರವವಿರುವ ಹಿರಿಯರೊಬ್ಬರು ಅಂಗಿಯ ಕಿಸೆಯಿಂದ ಒಂದು ಗುಳಿಗೆ ತೆಗೆದು ಅದೇ ಚಹಾದೊಂದಿಗೆ ನುಂಗುತ್ತಾರೆ. ಈ ನೋಟ ನಿಮಗೆ ಹೊಸದಲ್ಲ. ಆದರೆ ಲೋಟದಲ್ಲಿಯ ಚಹಾ, ಅಂಗೈಯ ಮೇಲಿನ ಗುಳಿಗೆ, ಇವೆರಡೂ ಬಹುಮಟ್ಟಿಗೆ ಒಂದೇ ಮನೆತನದವು ಎಂಬುದು ನಿಮಗೆ ತಿಳಿದಿದೆಯೇ? ಈ ಪಾಠದಲ್ಲಿ ಆ ಮನೆತನದ ಪರಿಚಯ ಮಾಡಿಕೊಳ್ಳೋಣ. ಇದು ಬರೀ ತಿಳಿವಳಿಕೆಗಾಗಿ ಅಲ್ಲ. ಇದನ್ನು ಅರಿಯದೆ ಒಂದರ ಬದಲು ಎರಡು ಗುಳಿಗೆ ನುಂಗಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವುದು ಸಾಧ್ಯವಿದೆ.

ಚಹಾ ಮತ್ತು ಕಾಫಿ ಕುಡಿದಾಗ ಮೈಯಲ್ಲಿ ಹುರುಪು ಬರುವುದು ಅವುಗಳಲ್ಲಿರುವ ಕೆಫೀನ್ ಎಂಬ ಪದಾರ್ಥದಿಂದ. 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನ ಶಾಸ್ತ್ರಜ್ಞನು ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದನು. 1888ರಲ್ಲಿ ಅದೇ ದೇಶದ ಕೊಸೆಲ್ ಎಂಬಾತನು ಚಹಾದ ಎಲೆಯಲ್ಲಿ ಮತ್ತೊಂದು ಪದಾರ್ಥವನ್ನು ಕಂಡನು. ಅದಕ್ಕೆ ಥಿಯೊಫಿಲಿನ್ ಎಂದು ಹೆಸರಾಯಿತು. ಹೆಸರಿನ ಅರ್ಥವೇ ಚಹಾದ ಎಲೆ ಎಂದು. ಮೂರನೆಯದು ಥಿಯೊಬ್ರೊಮಿನ್. ಇದು ಚಾಕಲೇಟು ಮಾಡುವ ಕೋಕೋ ಬೀಜದಲ್ಲಿರುತ್ತದೆ. ನಮ್ಮ ರಾಜ್ಯದವರಿಗೆ ಇವು ದೂರದ ಬೆಳೆಗಳಲ್ಲ. ಕಾಫಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಬೆಳೆಯುತ್ತದೆ. ಕೋಕೋ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕಲೇಟು ಕಾರಖಾನೆಯೂ ಇದೆ. (ಮಕ್ಕಳು ಚಾಕಲೇಟು ತಿನ್ನುವಾಗ ನಾಯಿಗೂ ಒಂದು ತುಣುಕು ಎಸೆಯುವುದುಂಟು. ಹಾಗೆ ಮಾಡಬಾರದು. ನಮಗೆ ಸೌಮ್ಯವಾದ ಥಿಯೊಬ್ರೊಮಿನ್ ನಾಯಿಗೆ ವಿಷವಾಗುತ್ತದೆ.)

ಈ ಮೂರರ ಸಂಬಂಧ ಹೇಗೆಂದರೆ, ಮೂರಕ್ಕೂ ಚೌಕಟ್ಟು ಒಂದೇ. ಅದಕ್ಕೆ ಕ್ಸಾಂಥೀನ್ ಎನ್ನುತ್ತಾರೆ. ಈ ಚೌಕಟ್ಟಿನಲ್ಲಿ ಗೂಟ ಹೊಡೆಯಲು ಮೂರು ಜಾಗಗಳಿವೆ ಎಂದು ಎಣಿಸಿಕೊಳ್ಳಿರಿ. ಕೆಫೀನಿಗೆ ಮೂರೂ ಕಡೆ ಗೂಟಗಳಿವೆ. ಥಿಯೊಫಿಲಿನ್ ಮತ್ತು ಥಿಯೊಬ್ರೊಮಿನ್‌ಗಳಿಗೆ ಎರಡೆರಡೇ, ಅವೂ ಬೇರೆ ಬೇರೆ ಜಾಗದಲ್ಲಿ. ಇಷ್ಟೇ ವ್ಯತ್ಯಾಸ. ಆದರೆ ಇಷ್ಟರಿಂದಲೇ ಗುಣ ಬದಲಾಗುತ್ತದೆ. ಕೆಫೀನು ಮುಖ್ಯವಾಗಿ ಮಿದುಳನ್ನು ಎಚ್ಚರಿಸುತ್ತದೆ. ಥಿಯೊಫಿಲಿನ್ ಉಸಿರಿನ ಕೊಳವೆಗಳ ಬಿಗಿತವನ್ನು ಸಡಿಲಿಸುತ್ತದೆ. ಥಿಯೊಬ್ರೊಮಿನ್‌ನ ಶಕ್ತಿ ಎಲ್ಲದರಲ್ಲೂ ಕಡಿಮೆ.

ದಿನವೆಲ್ಲ ದುಡಿದಾಗ ನಮ್ಮ ಮಿದುಳಿನಲ್ಲಿ ಅಡಿನೋಸಿನ್ ಎಂಬ ಪದಾರ್ಥ ಕೂಡುತ್ತ ಹೋಗುತ್ತದೆ. ಅದು ತನಗಾಗಿಯೇ ಇರುವ ಕೀಲಿಗಳಲ್ಲಿ ಹೊಕ್ಕು 'ಇನ್ನು ಸಾಕು, ಮಲಗು' ಎಂದು ಹೇಳುತ್ತದೆ. ಕೆಫೀನಿನ ಆಕಾರ ಅಡಿನೋಸಿನ್ನನ್ನು ಹೋಲುವುದರಿಂದ ಅದು ಆ ಕೀಲಿಯ ಬಾಯಲ್ಲಿ ತಾನು ಹೋಗಿ ಕೂಡುತ್ತದೆ, ಆದರೆ ಕೀಲಿ ತಿರುಗುವುದಿಲ್ಲ. ನಿದ್ದೆಯ ಸುದ್ದಿ ಮುಟ್ಟುವುದಿಲ್ಲ. ಆದ್ದರಿಂದ ಚಹಾ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಹಿಡಿಯುತ್ತದೆ ಅಷ್ಟೇ. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವವರು ಇದನ್ನು ನೆನಪಿಡುವುದು ಒಳ್ಳೆಯದು. ದೊಡ್ಡವರ ಮೈಯಲ್ಲಿ ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು 5 ತಾಸು ಬೇಕು. ಸಂಜೆ 6ಕ್ಕೆ ಕುಡಿದ ಚಹಾದ ಅರ್ಧ ಬಲ ರಾತ್ರಿ 11ಕ್ಕೂ ಉಳಿದಿರುತ್ತದೆ.

ಈಗ ದಮ್ಮಿನ ಮಾತಿಗೆ ಬರೋಣ. 1859ರಲ್ಲಿಯೇ ಇಂಗ್ಲೆಂಡಿನ ಸಾಲ್ಟರ್ ಎಂಬ ವೈದ್ಯನು ಗಟ್ಟಿ ಕಾಫಿ ಕುಡಿದರೆ ಉಬ್ಬಸ ಇಳಿಯುತ್ತದೆ ಎಂದು ಬರೆದಿದ್ದನು. ಅವನ ಮಾತು ಪೂರಾ ಸುಳ್ಳಲ್ಲ. ಕೆಫೀನು ಉಸಿರಿನ ಕೊಳವೆಗಳನ್ನು ಕೆಲ ತಾಸು ತುಸು ಸಡಿಲಿಸುತ್ತದೆ. ಹಾಗಾಗಿಯೇ ದವಾಖಾನೆಯಲ್ಲಿ ಉಸಿರಿನ ಪರೀಕ್ಷೆಗೆ ಕರೆದಾಗ ಅದಕ್ಕೆ 4 ತಾಸು ಮುಂಚಿನಿಂದ ಚಹಾ, ಕಾಫಿ ಕುಡಿಯದೆ ಹೋಗಬೇಕು, ಇಲ್ಲದಿದ್ದರೆ ಪರೀಕ್ಷೆ ತಪ್ಪು ತೋರಿಸಬಹುದು. ಆದರೆ ಚಹಾವನ್ನೇ ಔಷಧವೆಂದು ನಂಬಿ ಕೂಡುವುದು ತಪ್ಪು. ಚಹಾದಲ್ಲಿ ಥಿಯೊಫಿಲಿನ್ ಇರುವುದು ಅತ್ಯಲ್ಪ. ಒಂದು ಗುಳಿಗೆಯಲ್ಲಿರುವಷ್ಟು ಬೇಕೆಂದರೆ ಕೊಡಗಟ್ಟಲೆ ಕುಡಿಯಬೇಕಾದೀತು.

ಥಿಯೊಫಿಲಿನ್ನನ್ನು ಮೊದಲು ಮೂತ್ರ ಹೆಚ್ಚಿಸುವ ಔಷಧವೆಂದು ಕೊಡುತ್ತಿದ್ದರು. 1922ರಲ್ಲಿ ಜರ್ಮನಿಯಲ್ಲಿ ಉಬ್ಬಸಕ್ಕೆ ಅದನ್ನು ಕೊಟ್ಟು ನೋಡಿದರು. ಮುಂದೆ ಹಲವು ದಶಕಗಳ ಕಾಲ ದಮ್ಮಿಗೆ ಅದೇ ದೊಡ್ಡ ಔಷಧವಾಗಿತ್ತು. ಅಗ್ಗ, ಬಾಯಿಂದ ನುಂಗಬಹುದು, ಎಲ್ಲೆಡೆ ಸಿಗುತ್ತದೆ. ಈಗಲೂ ನಮ್ಮ ಹಳ್ಳಿಗಳಲ್ಲಿ 'ದಮ್ಮಿನ ಗುಳಿಗೆ' ಎಂದು ಕೇಳಿದರೆ ಬಹಳ ಸಲ ಕೈಗೆ ಬರುವುದು ಈ ಮನೆತನದ್ದೇ. ಹೆಸರುವಾಸಿಯಾದ ಡೆರಿಫಿಲಿನ್ ಗುಳಿಗೆಯಲ್ಲಿ ಥಿಯೊಫಿಲಿನ್ ಮತ್ತು ಅದರ ತಮ್ಮನಾದ ಎಟೊಫಿಲಿನ್ ಎರಡೂ ಸೇರಿವೆ.

ಈ ಔಷಧದ ಒಂದು ಸ್ವಭಾವವನ್ನು ಚೆನ್ನಾಗಿ ತಿಳಿಯಬೇಕು. ಗುಣ ಕೊಡುವ ಅಳತೆಗೂ ಅಪಾಯ ತರುವ ಅಳತೆಗೂ ನಡುವಿನ ಅಂತರ ಬಹಳ ಕಡಿಮೆ. ಒಂದು ಮಿಲಿಲೀಟರ್ ರಕ್ತದಲ್ಲಿ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸರಿ ಎಂದು ಬಹುಕಾಲ ಎಣಿಸಿದ್ದರು. ಈಗ ವೈದ್ಯರು ಇನ್ನೂ ಕಡಿಮೆಯಲ್ಲಿಯೇ, ಅಂದರೆ 5ರಿಂದ 15ರೊಳಗೆ ಇರಿಸಲು ನೋಡುತ್ತಾರೆ. 20 ದಾಟಿತೆಂದರೆ ವಾಕರಿಕೆ, ವಾಂತಿ, ಕೈ ನಡುಕ, ಎದೆ ಹೊಡೆತ, ನಿದ್ದೆಗೇಡು ಶುರುವಾಗುತ್ತವೆ. ಇನ್ನೂ ಏರಿದರೆ ಫಿಟ್ಸ್ ಬರಬಹುದು, ಹೃದಯದ ತಾಳ ತಪ್ಪಬಹುದು. ಮುನ್ಸೂಚನೆಯಾಗಿ ಯಾವಾಗಲೂ ವಾಂತಿಯೇ ಮೊದಲು ಬರುತ್ತದೆ ಎಂಬ ಭರವಸೆಯೂ ಇಲ್ಲ. ತೊಗರಿಯ ಕಾಯಿಕೊರಕಕ್ಕೆ ಔಷಧ ಹೊಡೆಯುವಾಗ ನೀವು ಪಂಪಿಗೆ ಎಷ್ಟು ಮಿಲಿ ಎಂದು ಅಳೆದು ಹಾಕುತ್ತೀರಿ. ನಿಮ್ಮ ಮೈಗೆ ಹಾಕುವಾಗ ಅದಕ್ಕಿಂತ ಕಡಿಮೆ ಲೆಕ್ಕ ಇಡಬಾರದಲ್ಲವೇ?

ಅಳತೆ ತಪ್ಪುವುದು ಬರೀ ಹೆಚ್ಚು ನುಂಗಿದ್ದರಿಂದಲೇ ಅಲ್ಲ. ಇಲ್ಲಿಯೇ ಬಹಳ ಜನ ಮೋಸಹೋಗುತ್ತಾರೆ. ಎಂದಿನ ಗುಳಿಗೆಯನ್ನೇ ಎಂದಿನಂತೆ ನುಂಗುತ್ತಿದ್ದರೂ ರಕ್ತದಲ್ಲಿ ಅದು ಏರುವ, ಇಳಿಯುವ ಸಂದರ್ಭಗಳಿವೆ. ಥಿಯೊಫಿಲಿನ್ನನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಬೀಡಿಯ ಹೊಗೆ ಯಕೃತ್ತಿನ ಈ ಕೆಲಸದ ವೇಗ ಹೆಚ್ಚಿಸುತ್ತದೆ. ಆದ್ದರಿಂದ ಬೀಡಿ ಸೇದುವವರಿಗೆ ಗುಳಿಗೆ ಬೇಗ ಕರಗಿ ಗುಣ ಕಡಿಮೆಯಾಗುತ್ತದೆ, ವೈದ್ಯರು ಹೆಚ್ಚು ಬರೆದಿರುತ್ತಾರೆ. ಅದೇ ಮನುಷ್ಯ ಒಂದು ದಿನ ಮನಸ್ಸು ಗಟ್ಟಿ ಮಾಡಿ ಬೀಡಿ ಬಿಟ್ಟರೆ? ಅದು ಬಹಳ ಒಳ್ಳೆಯ ಕೆಲಸ. ಆದರೆ ಒಂದು ವಾರದೊಳಗೆ ಯಕೃತ್ತು ಹಿಂದಿನ ನಿಧಾನಕ್ಕೆ ಮರಳುತ್ತದೆ, ಹಳೆಯ ಅಳತೆಯ ಗುಳಿಗೆ ಈಗ ಹೆಚ್ಚಾಗುತ್ತದೆ. ಎದೆ ಹೊಡೆದುಕೊಂಡು, ಹೊಟ್ಟೆ ತೊಳಸಿದಾಗ 'ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು' ಎಂದು ಮತ್ತೆ ಹಚ್ಚುವವರುಂಟು. ಮಾಡಬೇಕಾದದ್ದು ಅದಲ್ಲ. ಬೀಡಿ ಬಿಡುವ ಮುಂಚೆ ವೈದ್ಯರಿಗೆ ಹೇಳಿದರೆ ಅವರು ಗುಳಿಗೆಯನ್ನು ಕಾಲುಭಾಗವೋ ಮೂರನೆಯ ಒಂದು ಭಾಗವೋ ಇಳಿಸಿ ಕೊಡುತ್ತಾರೆ.

ಬೇರೆ ಔಷಧಗಳದ್ದೂ ಇಂಥದೇ ಕಥೆ. ಭೇದಿ, ಉರಿಮೂತ್ರಗಳಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಕೆಮ್ಮು ಗಂಟಲಿಗೆ ಕೊಡುವ ಎರಿತ್ರೋಮೈಸಿನ್ ಇವು ಥಿಯೊಫಿಲಿನ್ ಕರಗದಂತೆ ತಡೆದು ರಕ್ತದಲ್ಲಿ ಅದನ್ನು ಏರಿಸುತ್ತವೆ. ಜೋರಾದ ಜ್ವರವೂ ಏರಿಸಬಹುದು, ಹೃದಯ ಅಥವಾ ಯಕೃತ್ತಿನ ಬೇನೆಯೂ ಏರಿಸುತ್ತದೆ. ಇದಕ್ಕೆ ವಿರುದ್ಧವಾಗಿ ಕ್ಷಯರೋಗದ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಮತ್ತು ಫಿನೋಬಾರ್ಬಿಟೋನ್ ಅದನ್ನು ಬೇಗ ಕರಗಿಸಿಬಿಡುತ್ತವೆ. ಆಗ ದಮ್ಮು ಹತೋಟಿಗೆ ಬರುವುದಿಲ್ಲ. ಆದುದರಿಂದ ಯಾವ ಕಾಯಿಲೆಗಾಗಿ ಹೋದರೂ ಸರಿ, 'ನಾನು ದಮ್ಮಿನ ಗುಳಿಗೆ ತೆಗೆದುಕೊಳ್ಳುತ್ತೇನೆ' ಎಂದು ಮೊದಲು ಹೇಳಿಬಿಡಿ. ಅಂಗಡಿಯವನಿಗೆ ಹೇಳಿದರೆ ಸಾಲದು, ವೈದ್ಯರಿಗೇ ಹೇಳಬೇಕು.

ಮತ್ತೊಂದು ತಪ್ಪು ಹೆಸರಿನಿಂದ ಆಗುವುದು. ಒಬ್ಬ ವೈದ್ಯರು ಒಂದು ಗುಳಿಗೆ ಬರೆಯುತ್ತಾರೆ. ಅದು ಮುಗಿಯುವ ಮುನ್ನವೇ ಕಲಬುರಗಿಗೋ ಹೈದರಾಬಾದಿಗೋ ಹೋದಾಗ ಮತ್ತೊಬ್ಬರು ಬೇರೆ ಬಣ್ಣದ ಗುಳಿಗೆ ಬರೆಯುತ್ತಾರೆ. ಮನೆಗೆ ಬಂದು ಎರಡನ್ನೂ ನುಂಗುತ್ತಾರೆ. ಬಣ್ಣ ಬೇರೆ, ಕಂಪನಿ ಬೇರೆ, ಆದರೆ ಮನೆತನ ಒಂದೇ ಆಗಿದ್ದರೆ ಅಳತೆ ದುಪ್ಪಟ್ಟಾಯಿತು. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಗುರುತು ಇದೆ. ಗುಳಿಗೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮದ್ದಿನ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕರೆದು ಓದಿಸಿರಿ. ಹೆಸರು 'ಫಿಲಿನ್' ಎಂದು ಮುಗಿದರೆ ಅದು ಈ ಮನೆತನದ್ದು: ಥಿಯೊಫಿಲಿನ್, ಎಟೊಫಿಲಿನ್, ಅಮಿನೊಫಿಲಿನ್, ಡಾಕ್ಸೊಫಿಲಿನ್, ಅಸೆಬ್ರೊಫಿಲಿನ್. ಕೆಲವದರಲ್ಲಿ 'ಫಿ' ಎಂಬುದನ್ನು ಪಿ, ಎಚ್ ಎಂಬ ಎರಡಕ್ಷರ ಕೂಡಿಸಿ ಬರೆದಿರುತ್ತಾರೆ, ಕೆಲವದರಲ್ಲಿ ಒಂದೇ ಎಫ್ ಇರುತ್ತದೆ. ಎರಡೂ ಒಂದೇ. 'ಸಿಲಿನ್' ಎಂದು ಮುಗಿಯುವ ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳು ಮಾತ್ರ ಬೇರೆ, ಅವು ಸೋಂಕಿನ ಔಷಧಗಳು, ಗೊಂದಲ ಮಾಡಿಕೊಳ್ಳಬೇಡಿರಿ. ಪೆಂಟಾಕ್ಸಿಫಿಲಿನ್ ಎಂಬುದೊಂದು ಇದೇ ಮನೆಯದಾದರೂ ದಮ್ಮಿಗಲ್ಲ. ರಕ್ತ ಸರಿಯಾಗಿ ಹರಿಯದೆ ನಡೆಯುವಾಗ ಮೀನಖಂಡ ನೋಯುವವರಿಗೆ ಅದನ್ನು ಕೊಡುವುದುಂಟು. ಇದೂ ರಕ್ತದಲ್ಲಿ ಥಿಯೊಫಿಲಿನ್ನನ್ನು ಏರಿಸಬಲ್ಲದು. 'ಫಿಲಿನ್'ಗಳು ಎರಡು ಸಿಕ್ಕರೆ ಎರಡೂ ಪಟ್ಟಿಗಳನ್ನು ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿರಿ.

ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಅಗಿಯಬಾರದು, ಕುಟ್ಟಿ ಪುಡಿಮಾಡಿ ನೀರಿಗೆ ಹಾಕಬಾರದು. 12 ತಾಸಿನಲ್ಲಿ ಸೇರಬೇಕಾದ ಮದ್ದು ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ಸೂಜಿಯ ಮಾತಂತೂ ಇನ್ನೂ ಎಚ್ಚರದ್ದು. ಅಮಿನೊಫಿಲಿನ್ ಸೂಜಿಯನ್ನು ನರಕ್ಕೆ ಭರದಿಂದ ಚುಚ್ಚಿದರೆ ಹೃದಯವೇ ನಿಲ್ಲಬಹುದು. ದವಾಖಾನೆಯಲ್ಲಿ ಅದನ್ನು ನಿಧಾನವಾಗಿ, ನಾಡಿ ನೋಡುತ್ತ ಕೊಡುತ್ತಾರೆ. ಕಲಿಯದವರ ಕೈಯಲ್ಲಿ ಕಟ್ಟೆಯ ಮೇಲೆ ಕುಳಿತು ದಮ್ಮಿನ ಸೂಜಿ ಮಾಡಿಸಿಕೊಳ್ಳಬೇಡಿರಿ, ಎಷ್ಟೇ ಅಗ್ಗವಾದರೂ.

ಹಾಗಾದರೆ ದಮ್ಮಿಗೆ ಈಗ ಸರಿಯಾದ ಔಷಧ ಯಾವುದು? ಬಾಯಿಂದ ಎಳೆದುಕೊಳ್ಳುವ ಪಂಪು. ನಮ್ಮಲ್ಲಿ 'ಪಂಪು ಹಚ್ಚಿದರೆ ಬಿಡಲಾಗುವುದಿಲ್ಲ', 'ಅದು ಕೊನೆಯ ಕಾಲದ್ದು' ಎಂಬ ಮಾತು ಬೇರೂರಿದೆ. ಲೆಕ್ಕ ಹಾಕಿ ನೋಡಿರಿ. ಸಾಲ್ಬುಟಮಾಲ್ ಗುಳಿಗೆ ಒಂದರಲ್ಲಿ 4 ಮಿಲಿಗ್ರಾಂ, ಎಂದರೆ 4,000 ಮೈಕ್ರೋಗ್ರಾಂ ಮದ್ದು ಇರುತ್ತದೆ. ಅದೇ ಮದ್ದಿನ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಎರಡು ಸಲ ಒತ್ತಿದರೂ ಗುಳಿಗೆಯ ಇಪ್ಪತ್ತರಲ್ಲಿ ಒಂದು ಪಾಲು. ಹನಿ ನೀರಾವರಿಯಲ್ಲಿ ನೀರು ಬೇರಿಗೇ ಬೀಳುವಂತೆ ಪಂಪಿನ ಮದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಗುಳಿಗೆ ಮಾತ್ರ ಹೊಲವೆಲ್ಲ ಹಾಯಿಸಿದಂತೆ ಮೈಯೆಲ್ಲ ಸುತ್ತಿ ಬರಬೇಕು. ಆದರೆ ಸಾಲ್ಬುಟಮಾಲ್ ತತ್ಕಾಲಕ್ಕೆ ಕೊಳವೆ ಸಡಿಲಿಸುವುದು ಮಾತ್ರ. ಕೊಳವೆಯ ಒಳಗಿನ ಬಾವು ಇಳಿಸಲು ಬುಡೆಸೊನೈಡ್‌ನಂಥ ಮದ್ದಿನ ಪಂಪು ಬೇಕು. ಅದನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಎಳೆಯಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಜಗತ್ತಿನ ದಮ್ಮಿನ ವೈದ್ಯರು ಒಪ್ಪಿದ ಕ್ರಮ ಇದೇ. ಥಿಯೊಫಿಲಿನ್ನನ್ನು ಅವರು ಈಗ ದಿನನಿತ್ಯದ ಔಷಧವಾಗಿ ಸೂಚಿಸುವುದಿಲ್ಲ. ಆದರೆ ನೀವು ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಈ ಪಾಠ ಓದಿ ನಾಳೆಯೇ ಬಿಟ್ಟುಬಿಡಬೇಡಿರಿ. ಬಿಡುವುದೂ ಬದಲಿಸುವುದೂ ವೈದ್ಯರನ್ನು ಕೇಳಿಯೇ ಆಗಬೇಕು.

ಇನ್ನೊಂದು ಮಾತು. ಏದುಸಿರೆಲ್ಲವೂ ದಮ್ಮಲ್ಲ. ಶಹಾಬಾದ್, ವಾಡಿ ಕಡೆ ಕಲ್ಲಿನ ಗಣಿಯಲ್ಲಿ, ಸಿಮೆಂಟಿನ ಧೂಳಿನಲ್ಲಿ ದುಡಿದವರ ಎದೆಯ ಬೇನೆ ಬೇರೆ ಇರಬಹುದು. ರಕ್ತ ಕಡಿಮೆಯಾದರೂ ಏದುಸಿರು ಬರುತ್ತದೆ, ಹೃದಯ ಸೋತರೂ ಬರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರದ ಮೂಲಕ ಅದು ಪುಕ್ಕಟೆ ಆಗುತ್ತದೆ.

ಈ ಮನೆತನದ ಹಿರಿಯಣ್ಣನಾದ ಕೆಫೀನಿಗೆ ವೈದ್ಯರು ಕೊಟ್ಟ ದೊಡ್ಡ ಕೆಲಸವೊಂದಿದೆ, ಅದನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ದಿನ ತುಂಬುವ ಬಹಳ ಮುಂಚೆ ಹುಟ್ಟಿದ ಕೂಸುಗಳಿಗೆ ಉಸಿರಾಡುವುದೇ ಮರೆತುಹೋಗುತ್ತದೆ. ಉಸಿರಿನ ಲೆಕ್ಕ ಇಡುವ ಮಿದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ಇಪ್ಪತ್ತು ಸೆಕೆಂಡೋ ಇನ್ನೂ ಹೆಚ್ಚೋ ಉಸಿರು ನಿಂತು ಕೂಸು ನೀಲಿಗಟ್ಟುತ್ತದೆ. ಇಂಥ ಕೂಸುಗಳಿಗೆ ದವಾಖಾನೆಯಲ್ಲಿ ಕೆಫೀನ್ ಸಿಟ್ರೇಟ್ ಎಂಬ ಮದ್ದನ್ನು ಅಳೆದು ಕೊಡುತ್ತಾರೆ. ಅದು ಮಿದುಳಿನ ಆ ಭಾಗವನ್ನು ಎಚ್ಚರಿಸಿ ಉಸಿರು ನಡೆಸುತ್ತದೆ. ಕೆನಡಾದವರ ಮುಂದಾಳತ್ವದಲ್ಲಿ ಹಲವು ದೇಶಗಳ 2,006 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲ 2006 ಮತ್ತು 2007ರಲ್ಲಿ ಪ್ರಕಟವಾಯಿತು. ಎಲ್ಲ ಕೂಸುಗಳ ತೂಕವೂ ಹುಟ್ಟಿದಾಗ ಒಂದೂಕಾಲು ಕಿಲೋದೊಳಗೇ ಇತ್ತು. ಕೆಫೀನ್ ಪಡೆದ ಕೂಸುಗಳಲ್ಲಿ ಶ್ವಾಸಕೋಶದ ಹಾನಿ ಕಡಿಮೆಯಾಗಿತ್ತು, ಒಂದೂವರೆ ವರ್ಷ ದಾಟಿದ ಮೇಲೆ ನೋಡಿದಾಗ ಅಂಗವೈಕಲ್ಯವಿಲ್ಲದೆ ಬದುಕಿದವರೂ ಹೆಚ್ಚಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದು ಸೇರಿದೆ.

ಇದನ್ನು ಓದಿ ಯಾರೂ ಕೂಸಿನ ಬಾಯಿಗೆ ಚಹಾ ಹಾಕಕೂಡದು. ಅತ್ತರೆ ಒಂದು ಬೆರಳು ಚಹಾ ನೆಕ್ಕಿಸುವುದು, ಬಟ್ಟಲಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವುದು ನಮ್ಮ ಮನೆಗಳಲ್ಲಿ ಉಂಟು. ದೊಡ್ಡವರಲ್ಲಿ 5 ತಾಸಿಗೆ ಅರ್ಧವಾಗುವ ಕೆಫೀನು ಹಸುಗೂಸಿನ ಮೈಯಲ್ಲಿ ಅರ್ಧವಾಗಲು 3-4 ದಿನ ಹಿಡಿಯುತ್ತದೆ. ಇಂದಿನದು ಕರಗುವ ಮುನ್ನ ನಾಳೆಯದು ಸೇರುತ್ತದೆ. ದವಾಖಾನೆಯವರು ತೂಕ ನೋಡಿ, ಎದೆಬಡಿತ ಎಣಿಸಿ ಕೊಡುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು.

ಬಸುರಿಯರೂ ಚಹಾ ಮಿತಿಯಲ್ಲಿಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದು ಎಲ್ಲರಿಗೂ ಹೇಳಿದ್ದಾರೆ. ಒಂದು ಸಲದ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ ಎಂಬುದು ಅವರ ಲೆಕ್ಕ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ ಬೇಡವೆಂದೂ ಅವರೇ ಹೇಳುತ್ತಾರೆ, ಏಕೆಂದರೆ ಚಹಾದ ಒಗರು ಅನ್ನ, ಸೊಪ್ಪು, ಬೇಳೆಗಳಲ್ಲಿಯ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣದ ಗುಳಿಗೆಯನ್ನು ಚಹಾದೊಂದಿಗೆ ನುಂಗಿದರೆ ಅದರ ಬಹುಪಾಲು ವ್ಯರ್ಥ.

ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಗುಳಿಗೆಗಳಲ್ಲಿಯೂ ಕೆಫೀನು ಬೆರೆತಿರುತ್ತದೆ. ನೋವಿನ ಮದ್ದಿನ ಬಲವನ್ನು ಅದು ಹೆಚ್ಚಿಸುತ್ತದೆ. ಎಂದೋ ಒಮ್ಮೆ ತೆಗೆದುಕೊಂಡರೆ ತಪ್ಪಿಲ್ಲ. ಕಳೆ ತೆಗೆಯಲು ಹೋಗುವ ಮುನ್ನ ದಿನಕ್ಕೊಂದರಂತೆ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವಿಗೆ ಕಾರಣವಾಗುತ್ತದೆ. ಇವುಗಳಲ್ಲಿ ಕೆಲವದರಲ್ಲಿ ಆಸ್ಪಿರಿನ್ ಇರುವುದರಿಂದ ದಮ್ಮಿನವರು ಇನ್ನೂ ಜಾಗ್ರತೆ ವಹಿಸಬೇಕು. ಕೆಲವರಿಗೆ ಆಸ್ಪಿರಿನ್ ದಮ್ಮನ್ನು ಕೆರಳಿಸುತ್ತದೆ.

ಕಡೆಯದಾಗಿ, ರಾಶಿಯ ದಿನಗಳಲ್ಲಿ ಏನು ಮಾಡಬೇಕೆಂದು ಹೇಳಿಬಿಡುತ್ತೇವೆ. ದಮ್ಮಿನವರು ಮಿಷನ್ನಿನ ಗಾಳಿಯ ಕೆಳಗಡೆ ನಿಲ್ಲಬಾರದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಪಂಪು ಮನೆಯ ಗೂಡಿನಲ್ಲಲ್ಲ, ಕಿಸೆಯಲ್ಲಿರಬೇಕು. ಒಂದು ಮಾತನ್ನು ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಪಂಪು ಎಳೆದರೂ ಇಳಿಯದಿದ್ದರೆ, ಮತ್ತೊಂದು ಗುಳಿಗೆ ನುಂಗಿ ಕಾಯುತ್ತ ಕೂಡಬೇಡಿರಿ. 108ಕ್ಕೆ ಫೋನು ಮಾಡಿ. ಗಾಡಿ ಬರುವವರೆಗೆ ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂಡಿಸಿರಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಯ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ, ಯಾವುದನ್ನು ಎಷ್ಟು ಹೊತ್ತಿಗೆ ನುಂಗಿದ್ದೆಂದು ಹೇಳಿರಿ. ಅಂಗಡಿಯವನು ಪಟ್ಟಿಯನ್ನು ಕತ್ತರಿಸಿ ನಾಲ್ಕು ಗುಳಿಗೆ ಕೊಡುವಾಗ ಹೆಸರು ಅಚ್ಚಾಗಿರುವ ತುದಿಯನ್ನೇ ಕೇಳಿ ಪಡೆಯಿರಿ. ಹೆಸರಿಲ್ಲದ ತುಣುಕಿನಿಂದ ದವಾಖಾನೆಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.